ನವಣೆ ರೊಕ್ಕದ ಬಾವಿ

ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ದಾದೇಸಾಬನ ಹೆಸರಿನಲ್ಲಿ ಒಂದು ಗುಂಟೆ ಹೊಲವೂ ಇಲ್ಲ. ಹರೆಯದಿಂದಲೂ ಅವನು ಮಂದಿಯ ಹೊಲವನ್ನು ಲಾವಣಿಗೆ ಹಿಡಿದು, ಬೆಳೆದದ್ದರಲ್ಲಿ ಪಾಲು ಕೊಟ್ಟು ಬದುಕಿದವನು. ಈಚೆಗೆ ಉಳುತ್ತಿದ್ದದ್ದು ತೀರಿಹೋದ ಗೆಳೆಯ ಗ್ಯಾನಪ್ಪನ ಕೆಂಪು ಮಣ್ಣಿನ ಮಸಾರಿ ಹೊಲ. ಅದೀಗ ಗ್ಯಾನಪ್ಪನ ಮಗಳು ಹೇಮಾವತಿಯ ಹೆಸರಿನಲ್ಲಿತ್ತು. ಆಕೆ ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್.

ಸುತ್ತಲಿನವರೆಲ್ಲ ಮೆಕ್ಕೆಜೋಳ ಹಾಕಿದ ವರ್ಷ ದಾದೇಸಾಬ ನವಣೆ ಬಿತ್ತಿದ. ಸಿರಿಧಾನ್ಯ ಬೆಳೆದರೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆಂದು ಕೇಳಿ ಹೇಮಾವತಿ ಅರ್ಜಿ ಹಾಕಿದ್ದಳು. ರೊಕ್ಕ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಹೋಗುತ್ತದೆಂದು ದಾದೇಸಾಬನಿಗೆ ಗೊತ್ತಿತ್ತು. ಅದರ ಆಸೆಯನ್ನೇ ಅವನು ಇಟ್ಟುಕೊಂಡಿರಲಿಲ್ಲ.

ಬೇಸಿಗೆ ಹತ್ತುವ ಹೊತ್ತಿಗೆ ಒಂದು ಭಾನುವಾರ ಹೇಮಾವತಿ ಬಸ್ಸಿಳಿದು ನೇರ ಅವನ ಮನೆಗೆ ಬಂದಳು.

“ಕಾಕಾ, ನವಣಿ ರೊಕ್ಕ ಬಂದೈತಿ. ತಗೋರಿ.”

ದಾದೇಸಾಬ ಕೈ ಹಿಂದಕ್ಕೆಳೆದುಕೊಂಡ. “ನಿನ್ನ ಹೆಸರಿಗೆ ಬಂದದ್ದು ಯವ್ವಾ. ನನಗ್ಯಾಕ?”

“ಬಿತ್ತಿದವ್ರು ಯಾರ್ರಿ? ಕಸಾ ತಗದವ್ರು ಯಾರು? ನಾ ಆ ಹೊಲಕ್ಕ ಕಾಲಿಟ್ಟು ಎಷ್ಟು ವರ್ಷ ಆತೋ ನನಗ ನೆಪ್ಪಿಲ್ಲ.”

ಒಳಗಿನಿಂದ ಅವನ ಹೆಂಡತಿ ತಾಜಬೀ ಬಂದಳು. “ಕೊಡವ್ವಾ ಇಲ್ಲಿ. ಇವರು ಈಗ ಬ್ಯಾಡ ಅಂತಾರ, ಆಮ್ಯಾಲ ನಿದ್ದಿ ಬರದ ಹೊರಳ್ಯಾಡ್ತಾರ.”

ಸೋರುವ ಮನೆಗೆ ಹೊಸ ತಗಡು ಹಾಕಿಸಬೇಕೆಂದು ತಾಜಬೀ ಅಂದುಕೊಂಡಳು. ಆದರೆ ಹೇಮಾವತಿ ಹೋದ ಮೇಲೆ ದಾದೇಸಾಬ ಬೇರೆಯೇ ಮಾತು ತೆಗೆದ. ಆ ಹೊಲದ ಮೂಲೆಯಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯೊಂದಿತ್ತು. ಗ್ಯಾನಪ್ಪನ ಕಾಲಕ್ಕೇ ಅದು ಹೂಳು ತುಂಬಿ, ಒಳಗೆ ಜಾಲಿ ಬೆಳೆದಿತ್ತು.

“ಆ ಬಾವಿ ತಗಸ್ತೀನಿ.”

“ಮಂದಿ ಹೊಲದಾಗಿನ ಬಾವಿ?”

“ಹೊಲದಿಂದ ಬಂದ ರೊಕ್ಕ ಅಲ್ಲೇನು?”

ತಾಜಬೀ ಸೋರುವ ಸೂರಿನತ್ತ ಒಮ್ಮೆ ತಲೆಯೆತ್ತಿ ನೋಡಿದಳು. ಆಮೇಲೆ ಕೇಳಿದಳು: “ನಾಳಿ ಎಷ್ಟು ಮಂದಿಗೆ ಬುತ್ತಿ ಕಟ್ಲಿ?”

ಆಳುಗಳು ಜಾಲಿ ಕಡಿದು ಹೂಳು ಹೊತ್ತು ಹಾಕಿದರು. ಕೆಳಗೆ ಬರೀ ಬಂಡೆ. ರೊಕ್ಕ ಮುಗಿಯಿತು, ಆಳುಗಳು ಹೋದರು. ದಾದೇಸಾಬ ಮಾತ್ರ ಬಿಡಲಿಲ್ಲ. ಅವನು ಹಾರೆಯಿಂದ ಮೀಟುತ್ತಿದ್ದ, ತಾಜಬೀ ಬುಟ್ಟಿಯಲ್ಲಿ ತುಂಬಿ ಮೆಟ್ಟಿಲು ಹತ್ತುತ್ತಿದ್ದಳು. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ, “ದಾದೇಸಾಬಗ ಬಿಸಿಲು ತಲಿಗೇರೈತಿ” ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಹಾರೆಯ ಸಪ್ಪಳ ಥಟ್ಟನೆ ನಿಂತಿತು.

“ಏನಾತ್ರಿ?” ಮೇಲಿನಿಂದ ತಾಜಬೀ ಕೂಗಿದಳು. ಹೆದರಿ ಓಡುತ್ತ ಇಳಿದಳು.

ದಾದೇಸಾಬ ಬಂಡೆಗೆ ಅಂಗೈ ಹಚ್ಚಿ ನಿಂತಿದ್ದ. ಬಂಡೆಯ ಬಿರುಕಿನಿಂದ ಬೆರಳು ದಪ್ಪದ ನೀರು ಅವನ ಕೈಮೇಲೆ ಹರಿಯುತ್ತಿತ್ತು. ಮೇಲೆ ನೆಲ ಕಾದ ಹಂಚಿನಂತಿತ್ತು. ಈ ನೀರು ಮಾತ್ರ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಇಷ್ಟು ವರ್ಷ ಯಾರಿಗೂ ಕಾಣದಂತೆ ಈ ಕಲ್ಲಿನೊಳಗೆ ಎಲ್ಲಿತ್ತು ಇದು? ತಾಜಬೀ “ಯಾ ಅಲ್ಲಾ” ಎಂದು ತಾನೂ ನೀರಿಗೆ ಕೈಯೊಡ್ಡಿದಳು. ನೀರು ಪಾದ ಮುಚ್ಚುವವರೆಗೂ ಇಬ್ಬರೂ ಹಾಗೆಯೇ ನಿಂತರು.

ಮಧ್ಯಾಹ್ನದ ಹೊತ್ತಿಗೆ ಊರೇ ಬಂತು. ನಕ್ಕವರೂ ಬಂದರು. ಯಾರೂ ಹೇಳದಿದ್ದರೂ ಎಲ್ಲರೂ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದರು.

ಸುದ್ದಿ ತಿಳಿದು ಹೇಮಾವತಿಯೂ ಬಂದಳು. ಬೊಗಸೆ ತುಂಬ ಕುಡಿದು, ಒದ್ದೆ ಮುಖದಲ್ಲೇ ಕೇಳಿದಳು: “ಕಾಕಾ, ನಾಳಿ ನಾ ಈ ಹೊಲ ಬ್ಯಾರೇದವ್ರಿಗೆ ಲಾವಣಿ ಕೊಟ್ರ ಏನ್ಮಾಡ್ತೀರಿ?”

“ಅವರು ಕುಡೀತಾರವ್ವಾ. ಮತ್ತೇನು?”

ಹೇಮಾವತಿ ಬಾವಿಯನ್ನು ಬಿಟ್ಟು ಅವನನ್ನೇ ನೋಡುತ್ತ ನಿಂತಳು. ಬಸ್ಸಿನ ಹೊತ್ತಾದರೂ ಅವಳಿಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಮರುದಿನವೇ ಆಕೆ, ದಾದೇಸಾಬನಿಗೆ ಕೈಲಾಗುವವರೆಗೂ ಹೊಲದ ಉಳುಮೆ ಅವನದೇ ಎಂದು ಊರ ಹಿರಿಯರೆದುರು ಹೇಳಿ ಹೋದಳು. ಈಗ ಅಲ್ಲಿ ನವಣೆಯ ಜೊತೆಗೆ ಉಳ್ಳಾಗಡ್ಡಿಯೂ ಬೆಳೆಯುತ್ತದೆ. ಸುತ್ತಲಿನ ಹೊಲದ ಹೆಣ್ಣುಮಕ್ಕಳು ಕೊಡ ತುಂಬಿಕೊಳ್ಳುತ್ತಾರೆ, ಕುರಿಗಾರರು ಕುರಿಗಳಿಗೆ ನೀರು ಕುಡಿಸುತ್ತಾರೆ. ದಾದೇಸಾಬ ದಿನವೂ ಕೆಲಸಕ್ಕೆ ಕೈ ಹಚ್ಚುವ ಮುಂಚೆ ಬಾವಿಯೊಳಗೆ ಬಗ್ಗಿ ನೋಡುತ್ತಾನೆ, ಮೊದಲ ಸಲ ನೋಡುವವನ ಹಾಗೆ.