ರೆನ್ಸ್ಕೆ ತಾಂತೆಯ ಕೊಟ್ಟಿಗೆ ತುಂಬ ಕ್ಯಾರವಾನ್

ಕಾಲುವೆಯ ಮೇಲೆ ಮಂಜು ಇನ್ನೂ ಮಲಗಿಯೇ ಇದೆ. ಫ್ರೀಸ್‌ಲ್ಯಾಂಡ್ ಸೀಮೆಯ ಮೊಲ್ಲೆವರ್ಡ್ ಊರಿನ ಕೊನೆಯ ಮನೆಯ ಹಿಂದೆ, ಹಳೆಯ ದನದ ಕೊಟ್ಟಿಗೆಯ ಅಗಲವಾದ ಬಾಗಿಲಿಗೆ ಹೆಗಲು ಕೊಟ್ಟು ನಿಂತಿದ್ದಾರೆ ರೆನ್ಸ್ಕೆ ವಿಯರ್ಸ್ಮಾ. ಬಾಗಿಲು ಗೊರಗೊರ ಸದ್ದು ಮಾಡುತ್ತ ಸರಿಯುತ್ತದೆ. ಬೆಳಕು ಮೆಲ್ಲಗೆ ಒಳಗೆ ಕಾಲಿಡುತ್ತದೆ. ಅಲ್ಲಿ, ಒಂದರ ಬೆನ್ನಿಗೆ ಇನ್ನೊಂದರ ಮೂತಿ ತಾಗುವಷ್ಟು ಒತ್ತೊತ್ತಾಗಿ, ಬಿಳಿಯ ಕ್ಯಾರವಾನ್‌ಗಳು ಸಾಲುಗಟ್ಟಿವೆ. ಚಳಿಗಾಲವನ್ನೆಲ್ಲ ನಿದ್ದೆಯಲ್ಲಿ ಕಳೆದ ಗಾಲಿಮನೆಗಳು. ರೆನ್ಸ್ಕೆ ಮೊದಲನೆಯದರ ಮೂತಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ತುಟಿ ಅಲುಗುತ್ತದೆ, ಸದ್ದು ಬರುವುದಿಲ್ಲ.

ಏನು ಕೇಳಿಕೊಂಡಿರಿ ಎಂದರೆ ನಗುತ್ತಾರೆ. "ಗಾಳಿ ಬೀಸಬಾರ್ದು ಅಂತ ಕೇಳೋಕಾಗುತ್ತಾ? ಫ್ರೀಸ್‌ಲ್ಯಾಂಡಲ್ಲಿ ಬೀಸ್ದೆ ಗಾಳಿ ಇನ್ನೆಲ್ಲಿಗೆ ಹೋಗ್ಬೇಕು ಪಾಪ. ಗಾಡಿ ನೆಟ್ಟಗೆ ಹೋಗ್ಲಿ, ಹೋದವರು ಮನೆಗೆ ಬರ್ಲಿ. ಅಷ್ಟೇ ಕೇಳೋದು."

ನಾಳೆ ಗುರುವಾರ, ಪ್ರಭುವಿನ ಸ್ವರ್ಗಾರೋಹಣದ ಹಬ್ಬ. ಹಬ್ಬಕ್ಕೆ ಶುಕ್ರವಾರದ ರಜೆ ಅಂಟಿಸಿಕೊಂಡು ಊರಿನ ಅರ್ಧ ಮಂದಿ ಇವತ್ತೇ ಹೊರಡುತ್ತಾರೆ. ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು, ಹೆಂಡತಿ ಮಕ್ಕಳು ನಾಯಿ ಸಮೇತ, ಯಾವುದಾದರೂ ಹೊಳೆಯ ದಂಡೆಗೋ ಕಾಡಿನ ಅಂಚಿಗೋ ಹೋಗಿ ಬೀಡು ಬಿಡುತ್ತಾರೆ. ಅದಕ್ಕೆ ಮುಂಚೆ ಎಲ್ಲರೂ ರೆನ್ಸ್ಕೆಯ ಅಂಗಳಕ್ಕೆ ಬರಬೇಕು. ಊರಿಗೆಲ್ಲ ಅವರು ತಾಂತೆ ರೆನ್ಸ್ಕೆ, ಅಂದರೆ ಚಿಕ್ಕಮ್ಮ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ.

ಈ ಕೊಟ್ಟಿಗೆಯಲ್ಲಿ ಮೊದಲು ಹಸುಗಳಿದ್ದವು. ಗಂಡ ಡುರ್ಕ್‌ನ ಮೊಣಕಾಲು ಕೈಕೊಟ್ಟ ಮೇಲೆ ಹಾಲು ಕರೆಯುವುದು ಒಬ್ಬರಿಂದ ಆಗದ ಕೆಲಸವಾಯಿತು. ಕೊನೆಯ ಹಸು ಲಾರಿ ಹತ್ತಿದ ದಿನ ರೆನ್ಸ್ಕೆ ಖಾಲಿ ಕೊಟ್ಟಿಗೆಯಲ್ಲಿ ಬಕೆಟ್ ಬೋರಲು ಹಾಕಿ ಕುಳಿತು ಅತ್ತಿದ್ದರು. ಆ ಶರತ್ಕಾಲದಲ್ಲಿ ಊರಿನ ಬ್ರೆಡ್ಡಿನ ಅಂಗಡಿಯವನು ಬಂದು, "ಮಳೆಗೆ ನನ್ನ ಕ್ಯಾರವಾನ್ ಪಾಚಿ ಹಿಡೀತಿದೆ ತಾಂತೆ, ಒಂದು ಮೂಲೆಯಲ್ಲಿ ನಿಲ್ಲಿಸ್ಕೊಳ್ಳಲಾ?" ಎಂದ. ನಿಲ್ಲಿಸಿಕೊಂಡ. ಮರುವಾರ ಶಾಲೆಯ ಮೇಷ್ಟ್ರು ಬಂದರು. ಮಂಜು ಬೀಳುವ ಹೊತ್ತಿಗೆ ಕೊಟ್ಟಿಗೆ ತುಂಬಿತ್ತು.

"ಹಸು ಸಾಕ್ದೋಳಿಗೆ ಇದೇನೂ ಹೊಸದಲ್ಲ," ಎನ್ನುತ್ತಾರೆ. "ಒಳಗೆ ಕಟ್ಟಬೇಕು, ಒದ್ದೆ ಆಗದ ಹಾಗೆ ನೋಡ್ಕೋಬೇಕು, ವಸಂತದಲ್ಲಿ ಹೊರಗೆ ಬಿಡ್ಬೇಕು. ಒದೆಯೋದೊಂದಿಲ್ಲ."

ಹಳೆಯ ಅಭ್ಯಾಸ ಕೈಬಿಡದೆ ಒಮ್ಮೆ ಎಡವಟ್ಟೂ ಆಯಿತು. ಮೊದಲ ವರ್ಷ ರೆನ್ಸ್ಕೆಗೆ ಅನಿಸಿತು, ಪಾಪ ಇವುಗಳ ಕೊಂಡಿಯೆಲ್ಲ ಚಳಿಗೆ ಒಣಗಿದೆ ಎಂದು. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮಿನ ಡಬ್ಬಿ ಇನ್ನೂ ಇತ್ತು. ಒಂದೊಂದು ಕ್ಯಾರವಾನಿನ ಕೊಂಡಿಯೊಳಗೂ ಬೆರಳಿನಿಂದ ಧಾರಾಳವಾಗಿ ಬಳಿದರು. ಆದರೆ ಆ ಕೊಂಡಿಗಳು ಕಾರಿನ ಹಿಂದಿನ ಕಬ್ಬಿಣದ ಗುಂಡನ್ನು ಬಿಗಿಯಾಗಿ ಅಪ್ಪಿ ಹಿಡಿದರೆ ಮಾತ್ರ ಗಾಡಿ ಅತ್ತಿತ್ತ ಓಲಾಡುವುದಿಲ್ಲ. ಜಿಡ್ಡು ಸೋಕಿದರೆ ಆ ಹಿಡಿತ ಹೋಯಿತು. ಊರಿನ ಕ್ಯಾರವಾನ್‌ಗಳೆಲ್ಲ ಆ ವಸಂತದಲ್ಲಿ ಸೊಂಟ ಕುಣಿಸುತ್ತ ಹೆದ್ದಾರಿ ಹಿಡಿದವು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಡುರ್ಕ್ ಅದನ್ನು ಇವತ್ತಿಗೂ ಬಿಟ್ಟಿಲ್ಲ. "ಇವಳನ್ನ ಬಿಟ್ಟಿದ್ರೆ ಕ್ಯಾರವಾನಿನ ಹಾಲೂ ಕರೀತಿದ್ಲು," ಎನ್ನುತ್ತಾನೆ. ಈಗ ರೆನ್ಸ್ಕೆಯ ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಒಣಬಟ್ಟೆ ಇರುತ್ತದೆ. ಯಾರ ಕಾರು ಬಂದರೂ ಮೊದಲು ಆ ಗುಂಡನ್ನು ಉಜ್ಜಿ ಒರೆಸುತ್ತಾರೆ.

ಇನ್ನೊಂದು ಜೇಬಿನಲ್ಲಿ ಪೆಪ್ಪರ್‌ಮಿಂಟ್. ಭಾನುವಾರದ ಪ್ರವಚನ ಉದ್ದವಾದಾಗ ಇಗರ್ಜಿಯಲ್ಲಿ ಬಾಯಿಗೆ ಹಾಕಿಕೊಳ್ಳುವ ಅದೇ ಬಿಳಿ ಬಿಲ್ಲೆ. ಚಳಿಗಾಲದಲ್ಲಿ ಒಂದೊಂದು ಕ್ಯಾರವಾನಿನೊಳಗೂ ಒಂದು ತಟ್ಟೆಯಲ್ಲಿ ಇಡುತ್ತಾರೆ, ಆ ವಾಸನೆಗೆ ಇಲಿ ಬರುವುದಿಲ್ಲವೆಂದು. ವಸಂತದಲ್ಲಿ ಬಾಗಿಲು ತೆರೆದ ಮಕ್ಕಳು ಮೊದಲು ಹುಡುಕುವುದು ಅದನ್ನೇ.

ಕ್ಯಾರವಾನ್ ಕೊಳ್ಳಬೇಕೆನ್ನುವವರೂ ತಾಂತೆಯನ್ನೇ ಕೇಳುತ್ತಾರೆ. ಮಾರಾಟಕ್ಕಿರುವ ಒಂದೆರಡು ಇಲ್ಲಿ ಆಗಾಗ ಇರುತ್ತವೆ. ಅವರು ಮೊದಲು ಕಾರನ್ನು ನೋಡುತ್ತಾರೆ. "ಎತ್ತಿಗಿಂತ ಗಾಡಿ ಭಾರ ಆಗ್ಬಾರ್ದು," ಎನ್ನುತ್ತಾರೆ. ಆಮೇಲೆ ಒಳ್ಳೆಯ ಜಡಿಮಳೆಯ ದಿನ ಬರಹೇಳುತ್ತಾರೆ. ಮನೆಮಂದಿಯನ್ನೆಲ್ಲ ಕ್ಯಾರವಾನಿನೊಳಗೆ ಕೂರಿಸಿ, ಒಂದು ಇಸ್ಪೀಟು ಕಟ್ಟು ಕೊಟ್ಟು, ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಮಧ್ಯಾಹ್ನದವರೆಗೂ ಒಬ್ಬರ ಮೇಲೊಬ್ಬರು ರೇಗದಿದ್ದರೆ ಅದೇ ಅವರಿಗೆ ತಕ್ಕ ಕ್ಯಾರವಾನ್. "ಬಿಸಿಲಲ್ಲಿ ಎಲ್ಲಾ ಕ್ಯಾರವಾನೂ ಚೆನ್ನಾಗೇ ಕಾಣುತ್ತೆ. ರಜೆಯಲ್ಲಿ ಬರೋದು ಮಳೆ."

ಮರಿಟ್ ಮತ್ತು ಯೆಲ್ಮರ್ ದಂಪತಿ ತಮ್ಮ ಚಿಕ್ಕ ಹಸಿರು ಪಟ್ಟೆಯ ಕ್ಯಾರವಾನನ್ನು ಆರಿಸಿದ್ದು ಹಾಗೆಯೇ. ಮಕ್ಕಳು ಫೆನ್ನಾ ಮತ್ತು ಸಿಲ್ ಆ ಮಧ್ಯಾಹ್ನ ಅಲ್ಲೇ ನಿದ್ದೆ ಹೋಗಿ, ಎಬ್ಬಿಸಿದರೆ ಇಳಿಯಲೊಲ್ಲೆವೆಂದಿದ್ದರು.

ಇವತ್ತು ಆ ಹಸಿರು ಪಟ್ಟೆಯ ಕ್ಯಾರವಾನಿನ ಕಿಟಕಿಯಲ್ಲಿ ಒಂದು ಕಾಗದ ಅಂಟಿದೆ: ಮಾರಾಟಕ್ಕಿದೆ.

ಕಳೆದ ವರ್ಷ ಜರ್ಮನಿಯ ಮೊಸೆಲ್ ಹೊಳೆಗೆ ಹೊರಟಿದ್ದರು. ಇಳಿಜಾರಿನಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದುಹೋದದ್ದೇ ನೆಪ, ಕ್ಯಾರವಾನ್ ಹಾವಿನಂತೆ ಅತ್ತಿತ್ತ ಓಲಾಡತೊಡಗಿತು. ಯೆಲ್ಮರ್ ಹೇಗೋ ಸಂಭಾಳಿಸಿದ. ಹಿಂದಿನ ಸೀಟಿನಲ್ಲಿ ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಮುಂದಿನ ಊರಿನಲ್ಲೇ ತಿರುಗಿ ಮನೆಗೆ ಬಂದರು. ಈ ವರ್ಷ ಮತ್ತೆ ಹೋಗೋಣವೆನ್ನುವಷ್ಟರಲ್ಲಿ ಯೆಲ್ಮರ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಇನ್ನು ಗಾಡಿ ಎಳೆಯಬೇಕಾದವಳು ಮರಿಟ್. ಅವಳು ಹೇಳಿದ್ದು ಒಂದೇ ಮಾತು: "ಬುಧವಾರ ತಾಂತೆ ಅಂಗಳದಲ್ಲಿ ನೋಡ್ತೀನಿ. ನನ್ನ ಕೈ ನಡುಗಿದ್ರೆ ಮಾರಿಬಿಡೋಣ." ಯಾವುದಕ್ಕೂ ಇರಲಿ ಎಂದು ಆ ಕಾಗದ ಅಂಟಿಸಿದ್ದೂ ಅವಳೇ.

ಬಿಸಿಲು ಏರುವ ಹೊತ್ತಿಗೆ ಅವರ ಕಾರು ಬರುತ್ತದೆ. ಯೆಲ್ಮರ್ ಪಟ್ಟಿ ಕಟ್ಟಿದ ಕಾಲು ಚಾಚಿ ಪಕ್ಕದ ಸೀಟಿನಲ್ಲಿದ್ದಾನೆ, ಹಿಂದೆ ಮಕ್ಕಳಿದ್ದಾರೆ. ಅವನ ತಾಯಿ ಬೌಕೆ ಬೀಳ್ಕೊಡಲು ಸೈಕಲ್ ತುಳಿದುಕೊಂಡು ಬಂದಿದ್ದಾರೆ. ನಿನ್ನೆಯೇ ಅಂಗಳಕ್ಕೆ ತಂದು ನಿಲ್ಲಿಸಿದ್ದ ಕ್ಯಾರವಾನಿಗೆ ಮಧ್ಯಾಹ್ನ ಸಾಮಾನು ತುಂಬಿದ್ದೂ ಅವರೇ. ರೆನ್ಸ್ಕೆ ಎಲ್ಲರಿಗೂ ಕಾಫಿ ಕೊಡುತ್ತಾರೆ, ಒಬ್ಬೊಬ್ಬರಿಗೂ ಒಂದು ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾರೆ.

"ನನ್ ಕಾಲು ಮುರಿದಿದೆ ತಾಂತೆ," ಎನ್ನುತ್ತಾನೆ ಯೆಲ್ಮರ್.

"ಅದಕ್ಕೆ?"

"ಎರಡು ಬಿಸ್ಕತ್ತು ಬರ್ಬೇಕಲ್ವಾ?"

"ಎರಡೂ ಕಾಲು ಮುರ್ಕೊಂಡು ಬಾ, ಕೊಡೋಣ."

ಮರಿಟ್ ನಗುವುದಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ.

ರೆನ್ಸ್ಕೆ ಅವಳನ್ನು ಕರೆದು ತಮ್ಮ ಸ್ನಾನದ ಮನೆಯ ತೂಕದ ಯಂತ್ರವನ್ನು ಕೈಗಿಡುತ್ತಾರೆ, ಜೊತೆಗೆ ಅಳತೆಗೆ ಕತ್ತರಿಸಿದ ಒಂದು ಪೊರಕೆಯ ಕೋಲು. ಮೂತಿ ಎಷ್ಟು ಭಾರ ಊರುತ್ತದೆಂದು ನೋಡುವ ಈ ತೂಕ ಇಲ್ಲಿಂದ ಹೊರಡುವ ಯಾವ ಕ್ಯಾರವಾನಿಗೂ ತಪ್ಪಿದ್ದಲ್ಲ. ಹೋದ ವರ್ಷ ಈ ದಂಪತಿಯ ಪಾಲಿಗೆ ಮಾತ್ರ ತಪ್ಪಿತ್ತು. ಅಂದು ರೆನ್ಸ್ಕೆ ತಂಗಿಯ ಮನೆಯ ಮದುವೆಗೆ ಹೋಗಿದ್ದರು, ಯೆಲ್ಮರ್ ತಾನೇ ಗಾಡಿ ಕಟ್ಟಿಕೊಂಡು ಹೊರಟಿದ್ದ.

"ಯಂತ್ರ ಮೂತಿಯ ಕೆಳಗೆ ಇಡಮ್ಮ. ಅದರ ಮೇಲೆ ಕೋಲು ನಿಲ್ಲಿಸು. ಈಗ ಮೂತಿ ಮೆಲ್ಲಗೆ ಕೋಲಿನ ಮೇಲೆ ಇಳಿಸು. ಮುಳ್ಳು ಎಲ್ಲಿಗೆ ಬಂತು?"

ಮರಿಟ್ ಬಗ್ಗಿ ನೋಡುತ್ತಾಳೆ. ಮುಳ್ಳು ಸ್ವಲ್ಪ ಅಲುಗಿ ಶುರುವಿನಲ್ಲೇ ನಿಂತಿದೆ. ಅವರ ಕಾರಿಗೆ ಎಲ್ಲಿಯವರೆಗೆ ಬರಬೇಕೋ ಅಲ್ಲಿ ರೆನ್ಸ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾರೆ. ಅದು ಬಹಳ ದೂರ.

"ನಮ್ಮ ಬೆಕ್ಕು ಹತ್ತಿ ಕೂತ್ರೂ ಇದಕ್ಕಿಂತ ಜಾಸ್ತಿ ತೋರ್ಸುತ್ತೆ," ಎನ್ನುತ್ತಾನೆ ಡುರ್ಕ್.

ಎತ್ತಿನ ಗಾಡಿ ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳಿಗೆ ನಿಲ್ಲುವುದಿಲ್ಲ; ಕ್ಯಾರವಾನಾದರೆ ಓಲಾಡತೊಡಗುತ್ತದೆ. ಭಾರವೆಲ್ಲ ಅಚ್ಚಿನ ಮೇಲೆ, ತಗ್ಗಿನಲ್ಲಿ ಕೂರಬೇಕು. ರೆನ್ಸ್ಕೆ ಅಷ್ಟನ್ನೂ ಹೇಳದೆ, "ಹಿಂದೆ ಏನಿದೆ ನೋಡು," ಎನ್ನುತ್ತಾರೆ.

ಮರಿಟ್ ಒಳಗೆ ಹೋಗಿ ಹಿಂಬದಿಯ ಮಂಚದ ಹಲಗೆ ಎತ್ತುತ್ತಾಳೆ. ಅಲ್ಲಿ ಒಂದು ಮೂಟೆ ಆಲೂಗಡ್ಡೆ. ಅದರ ಮಗ್ಗುಲಲ್ಲಿ ಇನ್ನೊಂದು. ಸುತ್ತ ಕಡಲೆಕಾಯಿ ಬೆಣ್ಣೆಯ, ಬೇಯಿಸಿದ ಸೇಬಿನ ಗಾಜಿನ ಭರಣಿಗಳು.

"ಅತ್ತೆ, ಇದೇನು?"

"ಆಲೂಗಡ್ಡೆ ಕಣೇ," ಎನ್ನುತ್ತಾರೆ ಬೌಕೆ. "ನಾಲ್ಕು ಜನ ಏನು ಗಾಳಿ ತಿಂತೀರಾ?"

"ಜರ್ಮನಿಯಲ್ಲಿ ಆಲೂಗಡ್ಡೆ ಸಿಗಲ್ವಾ?"

"ಸಿಗುತ್ತೆ. ಜರ್ಮನಿ ಆಲೂಗಡ್ಡೆ ಸಿಗುತ್ತೆ."

"ಹೋದ ವರ್ಷ ಎಲ್ಲಿಟ್ಟಿದ್ರಿ?" ಎಂದು ರೆನ್ಸ್ಕೆ ಮೃದುವಾಗಿ ಕೇಳುತ್ತಾರೆ.

"ಅಲ್ಲೇ. ಮಂಚದ ಕೆಳಗೆ ತಂಪಾಗಿರುತ್ತೆ, ಮೊಳಕೆ ಬರಲ್ಲ."

ಎಲ್ಲರೂ ಮೂಟೆಗಳತ್ತ ತಿರುಗುತ್ತಾರೆ. ಬೌಕೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ. ಸಂಗತಿ ಅವರಿಗೆ ನಿಧಾನವಾಗಿ ಅರ್ಥವಾಗುತ್ತದೆ, ಕೈ ಎದೆಯ ಮೇಲೆ ಹೋಗುತ್ತದೆ. "ನನ್ನಿಂದಾನಾ?" ಎನ್ನುತ್ತಾರೆ.

ರೆನ್ಸ್ಕೆ ಅವರ ತೋಳು ಹಿಡಿದುಕೊಳ್ಳುತ್ತಾರೆ. "ಬೌಕೆ, ನೀನು ಒಂದು ಗಾಡಿ ಕುಣಿಸ್ದೆ. ನಾನು ಮುಲಾಮು ಬಳಿದು ಊರಿನ ಗಾಡಿಗಳನ್ನೆಲ್ಲಾ ಕುಣಿಸ್ದೆ. ನೀನಿನ್ನೂ ಕಲೀಬೇಕು."

ಆಗ ಮರಿಟ್ ನಗುತ್ತಾಳೆ. ಮೊದಲು ಮೂಗಿನಲ್ಲಿ, ಆಮೇಲೆ ಕ್ಯಾರವಾನಿನ ಮೆಟ್ಟಿಲ ಮೇಲೆ ಕುಳಿತು, ಆಲೂಗಡ್ಡೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಾಳೆ. "ಒಂದು ಚಳಿಗಾಲ ಪೂರ್ತಿ," ಎನ್ನುತ್ತಾಳೆ, "ಪೂರ್ತಿ ಚಳಿಗಾಲ ನಾನು ಆಲೂಗಡ್ಡೆಗೆ ಹೆದರಿದ್ದೆ ತಾಂತೆ."

ಒಂದು ಮೂಟೆ ಅಚ್ಚಿನ ಮೇಲಿನ ಪೆಟ್ಟಿಗೆಗೆ ಸರಿಯುತ್ತದೆ, ಭರಣಿಗಳೂ ಅದರ ಜೊತೆಗೆ. ಇನ್ನೊಂದು ಮೂಟೆ ಇಲ್ಲೇ ಉಳಿಯಲಿ ಎಂದು ಬೌಕೆಯೇ ಹೇಳುತ್ತಾರೆ. ಮತ್ತೆ ತೂಗಿದಾಗ ಮುಳ್ಳು ಸುಣ್ಣದ ಗುರುತಿನ ಮೇಲೆ ಬಂದು ನಿಲ್ಲುತ್ತದೆ. ರೆನ್ಸ್ಕೆ ಜೇಬಿನಿಂದ ಒಣಬಟ್ಟೆ ತೆಗೆದು ಕಾರಿನ ಗುಂಡನ್ನು ಒರೆಸುತ್ತಾರೆ. ಕೊಂಡಿ ಕೂರುತ್ತದೆ.

ಅಂಗಳದಲ್ಲಿ ಎರಡು ಹಾಲಿನ ಬಕೆಟ್ ಬೋರಲು ಹಾಕಿದ್ದಾರೆ, ಮರಿಟ್ ಅವುಗಳ ನಡುವೆ ಗಾಡಿಯನ್ನು ಹಿಮ್ಮುಖವಾಗಿ ತೂರಿಸಿ ಅಭ್ಯಾಸ ಮಾಡಬೇಕು. ರೆನ್ಸ್ಕೆ ಕಾರಿನ ಕಿಟಕಿಯ ಪಕ್ಕದಲ್ಲೇ ನಡೆಯುತ್ತಾರೆ. "ಕೈ ಸ್ಟೇರಿಂಗಿನ ಕೆಳಗೆ ಹಿಡಿ. ಗಾಡಿಯ ಹಿಂಬದಿ ಎತ್ತ ಹೋಗ್ಬೇಕೋ ಕೈ ಅತ್ತ ಸರಿಸು. ಅವಸರ ಬೇಡ, ಕರುವನ್ನ ಹಿಂದಕ್ಕೆ ತಳ್ಳಿದ ಹಾಗೆ." ಮೊದಲ ಸಲ ಎಡಗಡೆಯ ಬಕೆಟ್ ಉರುಳಿ ಕಾಲುವೆಯವರೆಗೂ ಹೋಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

"ನಾನಾಗಿದ್ರೆ ಸ್ವಲ್ಪ ಬಲಕ್ಕೆ..." ಎಂದು ಯೆಲ್ಮರ್ ಬಾಯಿ ತೆರೆಯುತ್ತಾನೆ.

"ನೀನು ಕಾಲು ನೋಡ್ಕೋ," ಎನ್ನುತ್ತಾಳೆ ಮರಿಟ್.

ಆಮೇಲೆ ಕ್ಯಾರವಾನ್ ಎರಡು ಬಕೆಟ್‌ಗಳ ನಡುವೆ, ಹಸು ತನ್ನ ಜಾಗಕ್ಕೆ ತಾನೇ ಹೋಗಿ ನಿಲ್ಲುವಂತೆ ನಿಲ್ಲುತ್ತದೆ.

"ಓಲಾಡಿದ್ರೆ ತಾಂತೆ?"

"ಓಲಾಡಲ್ಲ. ಓಲಾಡಿದ್ರೆ ಬ್ರೇಕ್ ಒದೀಬೇಡ, ಸ್ಟೇರಿಂಗ್ ಜೊತೆ ಜಗಳಕ್ಕೆ ನಿಲ್ಬೇಡ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ನೆಟ್ಟಗೆ ಹಿಡ್ಕೋ. ತಾನೇ ಸುಮ್ಮನಾಗುತ್ತೆ."

ಮರಿಟ್ ತನ್ನ ಕೈಗಳನ್ನು ನೋಡಿಕೊಳ್ಳುತ್ತಾಳೆ. ಇಳಿದು ಹೋಗಿ, ಕಿಟಕಿಯ ಕಾಗದವನ್ನು ತಾನೇ ಉಗುರಿನಿಂದ ಕಿತ್ತು, ಮುದುರಿ ಡುರ್ಕ್‌ನ ಕೈಗೆ ಕೊಡುತ್ತಾಳೆ.

ಈ ಸೀಮೆಯಲ್ಲಿ ಚಳಿಗಾಲ ಮುಗಿದು ಹಸುಗಳನ್ನು ಹುಲ್ಲಿಗೆ ಬಿಡುವ ದಿನ ಅವು ಕುಣಿಯುತ್ತವೆ. ಕೆಚ್ಚಲು ತುಂಬಿದ ಮುದಿ ಹಸುವೂ ನಾಲ್ಕೂ ಕಾಲು ಎತ್ತಿ ನೆಗೆಯುತ್ತದೆ. ಊರವರು ಬೇಲಿಯ ಬಳಿ ಕಾಫಿ ಹಿಡಿದು ನಿಂತು ನೋಡುತ್ತಾರೆ. ಇವತ್ತೂ ಬೇಲಿಯ ಬಳಿ ಜನ ನಿಂತಿದ್ದಾರೆ. ರೆನ್ಸ್ಕೆ ಹಸಿರು ಪಟ್ಟೆಯ ಮೂತಿಯ ಮೇಲೆ ಅಂಗೈ ಇಡುತ್ತಾರೆ, ತುಟಿ ಅಲುಗುತ್ತದೆ. ಗಾಡಿ ಹೊರಡುತ್ತದೆ. ಕಾಲುವೆಯ ತಿರುವಿನಲ್ಲಿ ಗಾಳಿ ಜೋರಾಗಿ ಪಕ್ಕಕ್ಕೆ ಬಡಿಯುತ್ತದೆ. ಬೌಕೆ ಸೈಕಲ್ ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾರೆ. ಕ್ಯಾರವಾನ್ ಅಲುಗದೆ, ಗೆರೆ ಎಳೆದಂತೆ ತಿರುವು ದಾಟುತ್ತದೆ. ದೂರದಿಂದ ಹಾರ್ನ್ ಎರಡು ಸಲ ಕೇಳಿಸುತ್ತದೆ.

ಮಧ್ಯಾಹ್ನಕ್ಕೆ ಕೊಟ್ಟಿಗೆ ಖಾಲಿ. ಹಿತ್ತಿಲ ಅಡುಗೆಮನೆಯಲ್ಲಿ ಬೌಕೆಯ ಆಲೂಗಡ್ಡೆ ಬೇಯುತ್ತಿದೆ. ಹತ್ತಿರದಲ್ಲೇ ಇಗರ್ಜಿಯ ಗಂಟೆ ಹನ್ನೆರಡು ಹೊಡೆಯುತ್ತದೆ. ರೆನ್ಸ್ಕೆ ಉದ್ದ ಪೊರಕೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಗುಡಿಸುತ್ತಿದ್ದಾರೆ. ಇಷ್ಟು ದೊಡ್ಡ ಜಾಗ ಇದ್ದಕ್ಕಿದ್ದಂತೆ ಬರಿದಾದರೆ ಬೇಸರವಾಗುವುದಿಲ್ಲವೇ ಎಂದು ಕೇಳಿದರೆ, ಪೊರಕೆ ನಿಲ್ಲಿಸದೆಯೇ ಹೇಳುತ್ತಾರೆ.

"ಹಸು ಹೋದ ದಿನ ಇಲ್ಲೇ ಕೂತು ಅತ್ತಿದ್ದೆ, ಅವು ವಾಪಸ್ ಬರಲ್ಲ ಅಂತ. ಇವು ಬರ್ತವೆ. ಎಲೆ ಉದುರೋ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ತವೆ, ಚಕ್ರದಲ್ಲಿ ಯಾವುದೋ ಊರಿನ ಮಣ್ಣು ಅಂಟಿಸ್ಕೊಂಡು. ಅದಕ್ಕೇ ಈಗ ಗುಡಿಸಿಡ್ತೀನಿ."