ಕಣಿವೆ ಇಳಿಯುವಾಗ ಕೇಳಿದ ಬೆಲ್ಲು

ದೆವ್ವದ ಮಾತು ಬಂದರೆ ಸ್ಟಾಫ್ ರೂಮಿನಲ್ಲಿ ಮೊದಲು ನಗುವವನು ನಾನೇ. ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಹೇಳಿಕೊಟ್ಟವನು. ಯಾರಾದರೂ ಹುಣಿಸೆ ಮರದ ಕೆಳಗೆ ಬಿಳಿ ಸೀರೆಯವಳನ್ನು ಕಂಡೆ ಎಂದರೆ, "ಸೀರೆಗೆ ಬಾರ್ಡರ್ ಇತ್ತೇನ್ರಿ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಆದರೆ ಆರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಸಾಕಾಗಿದೆ.

ನನಗೂ ನನ್ನ ಗೆಳೆಯ ತಿಪ್ಪೇಸ್ವಾಮಿಗೂ ಸೈಕಲ್ ಹುಚ್ಚು. ಅವನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಇಬ್ಬರಿಗೂ ಐವತ್ತು ಹತ್ತಿರವಾಗಿ, ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡ ಮೇಲೆ ಹತ್ತಿದ ಹುಚ್ಚು ಅದು. ಹೈವೇಗೆ ಹೋದರೆ ಲಾರಿಯ ಗಾಳಿಗೇ ಸೈಕಲ್ ಓಲಾಡುತ್ತದೆ. ಅದಕ್ಕೇ ವಾಹನಗಳಿಲ್ಲದ ದಾರಿ ಹುಡುಕುವುದು ನಮ್ಮ ಭಾನುವಾರದ ಕೆಲಸವಾಗಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳ ನಡುವೆ ಅಂಥ ದಾರಿಗಳು ಬೇಕಾದಷ್ಟಿವೆ. ಹೊಸ ರಸ್ತೆ ಬಂದ ಮೇಲೆ ಹಳೆಯದನ್ನು ಜನ ಮರೆತುಬಿಡುತ್ತಾರೆ. ಆಮೇಲೆ ಅದು ಕುರಿಗಳದ್ದು, ನಮ್ಮದು.

ಇಳಿಜಾರಿಗೆ ನಮ್ಮದೊಂದು ನಿಯಮವಿತ್ತು. ಮುಂದಿನವನು ಹಿಂದೆ ತಿರುಗಿ ನೋಡಬಾರದು. ಒಮ್ಮೆ ಹಾಗೆ ನೋಡಲು ಹೋಗಿ ನಾನು ಕಳ್ಳಿಪೊದೆಗೆ ನುಗ್ಗಿದ್ದೆ. ಅದರ ಬದಲು ಪ್ರತಿ ತಿರುವಿನಲ್ಲೂ ಮುಂದಿನವನು ಎರಡು ಬಾರಿ ಬೆಲ್ ಹೊಡೆಯಬೇಕು, ಹಿಂದಿನವನು ಒಂದು ಬಾರಿ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಅಲ್ಲೇ ನಿಲ್ಲಬೇಕು. ಈ ನಿಯಮ ಮಾಡಿದವನು ನಾನೇ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ತಿಪ್ಪೇಸ್ವಾಮಿ ತನ್ನ ಹೊಸ ಗೇರ್ ಸೈಕಲ್ಲಿಗೆ ಅವರಪ್ಪನ ಕಾಲದ ತುಕ್ಕು ಹಿಡಿದ ಬೆಲ್ ಹಾಕಿಸಿಕೊಂಡಿದ್ದ. ಅದು ಮೊದಲು ಕೆಮ್ಮಿ, ಆಮೇಲೆ ಬಾರಿಸುತ್ತಿತ್ತು. "ನಿನ್ನ ಬೆಲ್ಲಿಗೆ ದಮ್ಮು ಐತೆ, ಡಾಕ್ಟರಿಗೆ ತೋರ್ಸು" ಎಂದು ನಾನು ರೇಗಿಸುತ್ತಿದ್ದೆ. ಆ ಸದ್ದನ್ನು ಇನ್ನೊಂದು ಬೆಲ್ಲಿನದೆಂದು ತಪ್ಪು ತಿಳಿಯುವುದು ಸಾಧ್ಯವೇ ಇರಲಿಲ್ಲ.

ಅವತ್ತು ದೀಪಾವಳಿ ಮುಗಿದ ಮೊದಲ ಭಾನುವಾರ. ಹಿಂದಿನ ಸಂಜೆಯೇ ಹಿರಿಯೂರಿನ ಅವನ ತಂಗಿಯ ಮನೆ ಸೇರಿದ್ದೆವು. ಬೆಳಕು ಹರಿಯುವ ಮೊದಲೇ ಹೊರಟು ಮಾರಿಕಣಿವೆ ಅಣೆಕಟ್ಟು ದಾಟಿ, ಹೊಸದುರ್ಗದ ಕಡೆ ಇಳಿಯುವ ಹಳೆಯ ಗುಡ್ಡದ ರಸ್ತೆ ಹಿಡಿದೆವು. ನೆತ್ತಿ ಮುಟ್ಟುವ ಹೊತ್ತಿಗೆ ಒಂಬತ್ತು ಗಂಟೆ. ಗಾಳಿ ಯಂತ್ರಗಳ ಕೆಳಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕಣ್ಣು ಹಾಯುವಷ್ಟು ದೂರ ಒಂದು ಬೈಕೂ ಇರಲಿಲ್ಲ.

"ಮೆಲ್ಲಕೆ ಹೋಗಾಣ ಮೇಷ್ಟ್ರೇ, ದಾರಿ ತುಂಬ ಕುರಿ ಹಿಕ್ಕೆ ಅವೆ, ಜಾರ್ತತೆ" ಎಂದ ತಿಪ್ಪೇಸ್ವಾಮಿ.

ನಾನು ಹೂಂ ಎಂದೆ. ಆದರೆ ಇಳಿಜಾರು ಕಂಡರೆ ನನ್ನ ವಯಸ್ಸು ನನಗೆ ನೆನಪಿರುವುದಿಲ್ಲ. ಬ್ರೇಕ್ ಬಿಟ್ಟೇ ಹೊರಟೆ. ಮೊದಲ ತಿರುವಿನಲ್ಲಿ ಎರಡು ಬೆಲ್ ಹೊಡೆದೆ. ಹಿಂದಿನಿಂದ ಕೆಮ್ಮುವ ಬೆಲ್ ಉತ್ತರ ಕೊಟ್ಟಿತು. ಎರಡನೆಯದರಲ್ಲೂ ಕೊಟ್ಟಿತು. ಆಮೇಲೆ ಬಂದ ಒಂದೊಂದು ತಿರುವಿನಲ್ಲೂ ಕೊಟ್ಟಿತು. ಏಳೆಂಟು ಕಿಲೋಮೀಟರ್ ಇಳಿಜಾರು ಮುಗಿದು ಮೆಕ್ಕೆಜೋಳದ ಹೊಲಗಳ ನಡುವಿನ ನೇರ ದಾರಿಗೆ ಬಿದ್ದಾಗ, ಅಗತ್ಯವಿಲ್ಲದಿದ್ದರೂ ಖುಷಿಗೆ ಎರಡು ಬಾರಿಸಿದೆ. ನನ್ನ ಬೆನ್ನಿಗೇ, ಬಹಳವೆಂದರೆ ಹತ್ತು ಮಾರು ಹಿಂದೆ, ಉತ್ತರ ಬಂತು.

ಕ್ರಾಸಿನಲ್ಲಿ ಒಂದು ಟೀ ಅಂಗಡಿ. ಬಾಗಿಲಲ್ಲಿ ಕೂತಿದ್ದ ಹೆಂಗಸಿಗೆ ಎರಡು ಟೀ ಎಂದು ಹೇಳಿ, ಸೈಕಲ್ಲನ್ನು ಗೋಡೆಗೆ ಒರಗಿಸಿ ತಿರುಗಿದೆ. ದಾರಿ ಗುಡ್ಡದ ಬುಡದವರೆಗೂ ನೇರವಾಗಿ ಕಾಣುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

"ಎಲ್ಡು ಯಾರಿಗ್ರಿ ಸಾ? ಒಬ್ರೇ ಬಂದೀರಲ್ಲ" ಎಂದಳು ಆಕೆ.

"ಹಿಂದೆ ನಮ್ಮವನೊಬ್ಬ ಬಂದ್ನಲ್ಲಮ್ಮ?"

"ಇಲ್ರಿ. ನಾನು ಆಗ್ಲಿಂದ ಇಲ್ಲೇ ಕುಂತೀನಿ. ನೀವೊಬ್ರೇ ಬಂದಿದ್ದು." ಸ್ಟವ್ ಹಚ್ಚುತ್ತ ಆಕೆ ನನ್ನ ಸೈಕಲ್ ಕಡೆ ನೋಡಿದಳು. "ಒಂದು ಸೈಕಲ್ಲಿಗೆ ಎಲ್ಡು ಬೆಲ್ ಯಾಕ್ ಕಟ್ಕಂಡೀರಿ? ಒಂದರ ಸದ್ದು ಚೆನ್ನಾಗೈತೆ, ಇನ್ನೊಂದರದು ಕೆಟ್ಟಂಗೈತೆ."

ನನ್ನ ಸೈಕಲ್ಲಿಗೆ ಇದ್ದದ್ದು ಒಂದೇ ಬೆಲ್.

ಆ ಕ್ಷಣವೇ ವಾಪಸು ಓಡಬೇಕಿತ್ತು. ನಾನು ಓಡಲಿಲ್ಲ. ಪಂಕ್ಚರ್ ಆಗಿರಬೇಕು, ಆಕೆ ಸರಿಯಾಗಿ ನೋಡಿಲ್ಲ, ಎಲ್ಲೋ ಮೂತ್ರಕ್ಕೆ ನಿಂತಿದ್ದಾನೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎರಡೂ ಟೀ ನಾನೇ ಕುಡಿದೆ. ಫೋನ್ ಹಚ್ಚಿದರೆ ನೆಟ್‌ವರ್ಕ್ ಇಲ್ಲ. ಇಪ್ಪತ್ತು ನಿಮಿಷದ ಮೇಲೆ ಸೈಕಲ್ ತಿರುಗಿಸಿದೆ.

ಏರು ಹತ್ತುತ್ತ ಪ್ರತಿ ತಿರುವಿನಲ್ಲೂ ಬೆಲ್ ಹೊಡೆದೆ. ಈಗ ಉತ್ತರ ಬರಲಿಲ್ಲ. ಅವನ ಹೆಸರು ಹಿಡಿದು ಕೂಗಿದರೆ ಗುಡ್ಡವೂ ಓಗೊಡಲಿಲ್ಲ. ಉಸಿರು ಸಿಕ್ಕದೆ ಕೆಲವು ಕಡೆ ಸೈಕಲ್ ತಳ್ಳಿಕೊಂಡು ನಡೆದೆ. ಅವನು ಸಿಕ್ಕಿದ್ದು ನೆತ್ತಿಯಿಂದ ಎರಡನೆಯ ತಿರುವಿನಲ್ಲಿ. ಹಿಕ್ಕೆಯ ಮೇಲೆ ಜಾರಿ ಮೋರಿಯೊಳಗೆ ಬಿದ್ದಿದ್ದ. ಬಲ ಭುಜದ ಮೂಳೆ ಮುರಿದು ಕೈ ಜೋತಿತ್ತು. ತೊಡೆಗೆ ಮೋರಿಯ ಕಬ್ಬಿಣ ಹೊಕ್ಕು ಪ್ಯಾಂಟೆಲ್ಲ ರಕ್ತವಾಗಿತ್ತು. ಗಾಯದ ಮೇಲ್ಭಾಗದಲ್ಲಿ ಅವನ ಟವೆಲ್ಲನ್ನು ಒಂದು ಕಡ್ಡಿ ಸೇರಿಸಿ ಬಿಗಿಯಾಗಿ ತಿರುಚಿ ಕಟ್ಟಲಾಗಿತ್ತು. ಅವನ ಸೈಕಲ್ಲಿನ ಹ್ಯಾಂಡಲ್ ಡೊಂಕಾಗಿ, ಬೆಲ್ ನಜ್ಜುಗುಜ್ಜಾಗಿತ್ತು.

ನನ್ನನ್ನು ಕಂಡು ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಈಗ ಎದ್ದು ಎಲ್ಲಿಗೆ ಹೋಗಿದ್ದೆ ಲೇ? ನೀರು ಹುಡ್ಕಕ್ಕೇನು?" ಎಂದ.

"ಹೂಂ" ಎಂದೆ.

ನೆತ್ತಿಗೆ ಓಡಿ ನೆಟ್‌ವರ್ಕ್ ಹಿಡಿದೆ. ಗಾಳಿ ಯಂತ್ರ ನೋಡಿಕೊಳ್ಳುವವರ ಜೀಪು ಸಿಕ್ಕಿತು. ಹೊಸದುರ್ಗಕ್ಕೆ, ಅಲ್ಲಿಂದ ಚಿತ್ರದುರ್ಗಕ್ಕೆ ಕರೆದೊಯ್ದೆವು. ಆ ಟವೆಲ್ ಕಟ್ಟದೇ ಇದ್ದಿದ್ದರೆ ಅರ್ಧ ಗಂಟೆಯೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. "ಒಳ್ಳೆ ಕೆಲಸ ಮಾಡಿದ್ರಿ" ಎಂದು ನನ್ನ ಬೆನ್ನು ತಟ್ಟಿದರು. ತಿಪ್ಪೇಸ್ವಾಮಿಯ ಹೆಂಡತಿ ಆಸ್ಪತ್ರೆಯ ವರಾಂಡದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಪಕ್ಕದಾಗೆ ಕುಂತಿದ್ದಕ್ಕೆ ಉಳ್ಕಂಡ್ರು ಅಣ್ಣ, ಎಲ್ಲಾ ಹೇಳಿದ್ರು" ಎಂದು ಅತ್ತಳು. ಅವಳಿಗೂ ನಾನು ನಿಜ ಹೇಳಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದೆ. ಅದನ್ನು ಅವಳು ಸಂಕೋಚವೆಂದು ತಿಳಿದಳು.

ಇದಕ್ಕೆಲ್ಲ ನಾನು ವಿವರಣೆ ಹುಡುಕದೆ ಬಿಟ್ಟಿಲ್ಲ. ಬೆಲ್ಲು ಕೇಳಿದ್ದು ಗುಡ್ಡದ ಪ್ರತಿಧ್ವನಿ ಎನ್ನೋಣವೆಂದರೆ, ನನ್ನ ಬೆಲ್ಲಿನ ಪ್ರತಿಧ್ವನಿ ಎರಡು ಬಾರಿ, ನನ್ನ ಬೆಲ್ಲಿನ ಸದ್ದಿನಲ್ಲೇ ಬರಬೇಕು. ಬಯಲಿನ ಹೊಲದ ನಡುವೆ ಬರಲೇಬಾರದು. ಒಂದೇ ಕೈಯಲ್ಲಿ, ಹಲ್ಲು ಕಚ್ಚಿ ಅವನೇ ಟವೆಲ್ ಕಟ್ಟಿಕೊಂಡಿರಬಹುದು. ಜೀವದ ಆಸೆಗೆ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ರಕ್ತ ಹೋದವನಿಗೆ ಇಲ್ಲದವರು ಕಾಣುವುದೂ ಉಂಟು. ಹೀಗೆ ಒಂದೊಂದನ್ನೇ ಜೋಡಿಸಿಕೊಂಡು ಒಂದು ತಿಂಗಳು ಧೈರ್ಯವಾಗಿಯೇ ಇದ್ದೆ.

ಆಮೇಲೆ ಒಂದು ಸಂಜೆ ಅವನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನೀನು ಬಿದ್ದಾಗ ನಾನು ಅಲ್ಲಿರಲಿಲ್ಲ ಕಣೋ, ಕ್ರಾಸಿನಲ್ಲಿ ಕೂತು ನಿನ್ನ ಪಾಲಿನ ಟೀಯನ್ನೂ ಕುಡಿಯುತ್ತಿದ್ದೆ ಎಂದೆ.

ಅವನು ನಕ್ಕ. "ಏನಪ್ಪ, ತಮಾಷೆ ಮಾಡ್ತೀಯ? ನಿದ್ದೆ ಮಾಡ್ಬ್ಯಾಡ ಲೇ, ನಿದ್ದೆ ಮಾಡ್ಬ್ಯಾಡ ಅಂತ ನನ್ನ ಕೆನ್ನೆ ತಟ್ತಾನೇ ಇದ್ದೆ ನೀನು. ನಾನು ಕಣ್ಣು ಮುಚ್ಚಬಾರ್ದು ಅಂತ ನಿಮ್ಮಪ್ಪನ ವಿಷ್ಯ ಎಲ್ಲಾ ಹೇಳ್ದೆ."

"ಯಾವ ವಿಷಯ?"

ಅವನು ದನಿ ತಗ್ಗಿಸಿದ. "ಅದೇ, ನಿಮ್ಮಪ್ಪ ಸಾಯೋ ದಿನ. ನೀನು ಆಸ್ಪತ್ರೆ ಗೇಟಿನತಂಕ ಬಂದು, ಒಳಗೆ ಹೋಗಕ್ಕೆ ಹೆದ್ರಿಕಂಡು, ಎದುರಿನ ಬಸ್ ಸ್ಟಾಪಿನಾಗೆ ಮೂರು ತಾಸು ಕುಂತಿದ್ದೆ ಅಂತ. ಆಮೇಲೆ ಬಸ್ ಸಿಗ್ಲಿಲ್ಲ ಅಂತ ಎಲ್ರಿಗೂ ಸುಳ್ಳು ಹೇಳ್ದೆ ಅಂತ. ಹೇಳ್ತಾ ಹೇಳ್ತಾ ಅತ್ತೆ ಕಣ್ಲೇ ನೀನು."

ಅದು ನಿಜ. ಅದನ್ನು ನಾನು ನನ್ನ ಹೆಂಡತಿಗೆ ಹೇಳಿಲ್ಲ, ತಾಯಿಗೆ ಹೇಳಿಲ್ಲ, ದೇವರ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ. ಬರೆಯುತ್ತಿರುವುದೂ ಇದೇ ಮೊದಲು. ಆ ಸಂಜೆ ಅವನ ಮನೆಯಿಂದ ಹೇಗೆ ಎದ್ದು ಬಂದೆನೋ ಗೊತ್ತಿಲ್ಲ.

ಈಗ ತಿಪ್ಪೇಸ್ವಾಮಿಯ ಕಾಲು ಸರಿಹೋಗಿದೆ, ಸ್ವಲ್ಪ ಎಳೆದು ನಡೆಯುತ್ತಾನೆ ಅಷ್ಟೆ. ಆ ಕಣಿವೆಗೆ ಇನ್ನೊಂದು ಸಲ ಹೋಗಾಣ ಎಂದು ಪ್ರತಿ ವರ್ಷವೂ ಕರೆಯುತ್ತಾನೆ. "ನೀನಿದ್ದಿ ಅಂದ್ರೆ ನಂಗೇನ್ ಭಯ?" ಎನ್ನುತ್ತಾನೆ. ನಾನು ಮಂಡಿ ನೋವು ಎನ್ನುತ್ತೇನೆ. ಮಂಡಿಗೆ ಏನೂ ಆಗಿಲ್ಲ. ಆ ತಿರುವಿನಲ್ಲಿ ಯಾರಾದರೂ ಕೂತಿದ್ದರೆ, ಅವನ ಮುಖ ನೋಡುವ ಧೈರ್ಯ ನನಗಿಲ್ಲ.