ನಾಲ್ಕು ಊರಿಗೆ ಒಂದೇ ಫೋನು

ಹೈಸ್ಕೂಲು ಮುಗಿಸಿದ ನನಗೆ ಕೊಪ್ಪಳದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿದ್ದು ಫೋನ್ ಎತ್ತುವ ಕೆಲಸ. ತಲೆ ನೆರೆತರೂ ಅದನ್ನೇ ಮಾಡುತ್ತಿದ್ದೇನೆ. ನಮ್ಮ ಮಾಲೀಕರಿಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲೂ ಅಂಗಡಿಗಳಿವೆ. ನಾಲ್ಕಕ್ಕೂ ಬೇರೆ ಬೇರೆ ಇಂಟರ್‌ಕಾಮ್ ಪೆಟ್ಟಿಗೆ. ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಮಾತಿಲ್ಲ. ಬೋರ್ಡಿನ ಮೇಲಿದ್ದದ್ದು ಕೊಪ್ಪಳದ ನಂಬರ್ ಮಾತ್ರ. ಕೌಂಟರಿನಲ್ಲಿ ಮೊಬೈಲ್ ಹಿಡಿಯಕೂಡದೆಂದು ಮಾಲೀಕರ ಕಟ್ಟಪ್ಪಣೆ. ಹಾಗಾಗಿ ಗಿರಾಕಿಗಳೆಲ್ಲ ನನ್ನ ಮೂಲಕವೇ ಹಾಯಬೇಕಿತ್ತು.

ಗಂಗಾವತಿ ಬೇಕೆಂದವರಿಗೆ ಇನ್ನೊಂದು ಫೋನಿನಲ್ಲಿ ಗಂಗಾವತಿ ಹಚ್ಚಿ, ಎರಡು ರಿಸೀವರುಗಳಲ್ಲಿ ಒಂದನ್ನು ತಲೆಕೆಳಗು ಮಾಡಿ ಎದುರುಬದುರು ಇಟ್ಟು ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಇವರ ಬಾಯಿ, ಅವರ ಕಿವಿ. "ಅಣ್ಣಾರ, ಸ್ವಲ್ಪ ಜೋಡಸ್ರಿ" ಎಂದು ಜನ ಗೋಗರೆಯುವುದು ಕೇಳಲು ಹಿತವಾಗಿತ್ತು.

ಯಲಬುರ್ಗಾದ ಲೈನು ಮಾತ್ರ ಗೊರಗೊರ ಅನ್ನುತ್ತಿತ್ತು. ಹಳೆಯ ಟ್ರ್ಯಾಕ್ಟರುಗಳ ಸಾಮಾನೆಲ್ಲ ಇದ್ದದ್ದು ಅಲ್ಲೇ, ಆ ಕೌಂಟರ್ ನೋಡಿಕೊಳ್ಳುವ ಹೆಣ್ಣುಮಗಳ ಬಳಿ. ಅಲ್ಲಿಗೆ ಜೋಡಿಸುವ ತಾಪತ್ರಯ ಯಾಕೆಂದು, "ಇಲ್ರಿ, ಆ ಸಾಮಾನು ಈಗ ಬರಂಗಿಲ್ರಿ" ಎಂದು ಫೋನ್ ಇಟ್ಟುಬಿಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ಮಾಡಿದೆ.

ನಾಲ್ಕೂ ಪೆಟ್ಟಿಗೆಗಳನ್ನು ಇಂಟರ್‌ನೆಟ್ಟಿನಲ್ಲಿ ಕೂಡಿಸಿ ಒಂದೇ ಮಾಡಲು ಟೆಕ್ನಿಷಿಯನ್ ಬಂದ ದಿನ ಮಾಲೀಕರು ಅಂದರು, "ಮೂರು ಜೋಡಸಿದ್ರ ಸಾಕು. ಯಲಬುರ್ಗಾ ಮುಚ್ಚತೀನಿ. ಅಲ್ಲಿಗೆ ಫೋನ್ ಬರಂಗಿಲ್ಲ."

ಯಲಬುರ್ಗಾದ ಆ ಹೆಣ್ಣುಮಗಳ ಪಗಾರದ ಮೇಲೆಯೇ ಆಕೆಯ ಮನೆ ನಡೆಯುತ್ತಿತ್ತು.

"ಫೋನ್ ಬರತಾವ್ರಿ ಸಾವ್ಕಾರ್ರ. ನಾನು ಕೊಟ್ಟಿಲ್ರಿ."

"ಅಂದ್ರ?"

"ಆಕಿ ಕಡೆ ಇದ್ದ ಸಾಮಾನಿಗೂ ಇಲ್ಲಂದೀನ್ರಿ. ಜೋಡಸಾಕ ಬ್ಯಾಸರಾತು."

ಮಾಲೀಕರು ನನ್ನ ರಬ್ಬರ್ ಬ್ಯಾಂಡನ್ನೇ ನೋಡುತ್ತ ನಿಂತರು. "ನಿನ್ನ ಬಿಳಿ ಕೂದಲಾ ನೋಡಿ ಸುಮ್ನ ಅದೀನಿ" ಎಂದು, ಟೆಕ್ನಿಷಿಯನ್ ಕಡೆ ತಿರುಗಿದರು. "ನಾಕೂ ಜೋಡಸು. ಒಂದು ಹಂಗಾಮು ನೋಡೂಣು."

ನಾಲ್ಕೂ ಕೌಂಟರಿನ ಇಂಟರ್‌ಕಾಮ್ ನಂಬರ್ ಇಪ್ಪತ್ತೊಂದೇ ಆಗಿತ್ತು. ಕೂಡಿಸಿದ ಮೇಲೆ ಯಾವ ಊರಿನ ಇಪ್ಪತ್ತೊಂದು? ಅದಕ್ಕೆ ಊರಿಗೊಂದು ಅಂಕಿ ಮುಂದೆ ಸೇರಿಸಬೇಕಿತ್ತು. ಹೊರಗಿನವರೂ ಬೋರ್ಡಿನ ನಂಬರಿಗೆ ಫೋನು ಮಾಡಿ ಆ ಅಂಕಿ ಒತ್ತಿದರೆ ಸೀದಾ ಆ ಊರಿಗೆ ಹೋಗುತ್ತಾರೆ.

"ಒಂದನೇ ಅಂಕಿ ಯಾರಿಗ್ರಿ ಕಾಕಾ? ಜಿಲ್ಲಾ ಊರು ನಿಮ್ದು, ನಿಮಗ ಹಚ್ಚಲೇನು?" ಎಂದು ಟೆಕ್ನಿಷಿಯನ್ ಕೇಳಿದ.

"ಯಲಬುರ್ಗಾಕ್ಕ ಹಚ್ಚಪಾ."

ಫೋನು ಮಾಡಿದವರಿಗೆ ಕೇಳಿಸುವ ಮಾತನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿಸಿದೆ: "ಹಳೇ ಗಾಡಿ ಸಾಮಾನು ಬೇಕಾದ್ರ ಒಂದು ಒತ್ರಿ." ವರ್ಷಗಟ್ಟಲೆ ಇಲ್ಲವೆಂದ ಬಾಯಿ ಈಗ ಹಗಲೆಲ್ಲ ಇದೆ ಅನ್ನುತ್ತಿತ್ತು.

ಭತ್ತದ ಕೊಯ್ಲು ಶುರುವಾಯಿತು. ನನ್ನ ಫೋನಿನಲ್ಲಿ ಯಲಬುರ್ಗಾದ ಲೈನು ನಡೆದಿದೆ ಎಂದು ತೋರಿಸುವ ಕೆಂಪು ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಭತ್ತ ಬೆಳೆಯುವ ಶ್ರೀರಾಮನಗರದವರು, ಹಿಟ್ನಾಳದವರು, ಎಲ್ಲರೂ ಅಲ್ಲಿಗೇ. ಹಂಗಾಮು ಮುಗಿಯುವ ಮೊದಲೇ ಮಾಲೀಕರು ಯಲಬುರ್ಗಾಕ್ಕೆ ಹೊಸ ರ‍್ಯಾಕು ಕಳಿಸಿದರು. ಮುಚ್ಚುವ ಮಾತು ಮತ್ತೆ ಬರಲಿಲ್ಲ.

ರ‍್ಯಾಕು ಮುಟ್ಟಿದ ದಿನ ಆಕೆಯೇ ನನಗೆ ಫೋನು ಹಚ್ಚಿದಳು. ಗೊರಗೊರ ಇಲ್ಲ, ಪಕ್ಕದಲ್ಲಿ ಕೂತು ಮಾತಾಡಿದಂತೆ ದನಿ.

"ಅಣ್ಣಾರ, ಕುಂದ್ರಾಕ ಪುರುಸೊತ್ತಿಲ್ರಿ. ಇಷ್ಟು ದಿನ ಈ ಮಂದಿ ಎಲ್ಲಿದ್ರು?"

"ನನ್ನ ಕಡೆ ಇದ್ರವ್ವ. ನಾನು ಬಿಡಲಿಲ್ಲ. ತಪ್ಪಾತು."

"ಮಂದೀನ ಭಾಳ ಛಲೋ ಜ್ವಾಪಾನ ಮಾಡೀರಿ ಬಿಡ್ರಿ," ಎಂದಳು. ಆಮೇಲೆ, "ಇನ್ನೊಂದು ಫೋನ್ ಬಂತು. ಇಡ್ರಿ, ಇಡ್ರಿ!"

ಇಟ್ಟೆ. ಕೆಂಪು ದೀಪ ಆರಲೇ ಇಲ್ಲ.